ಅಂಕಿತವಿಲ್ಲದ ನುಡಿ



ಶಿವಶರಣರ ವಚನಗಳನ್ನು ನಿತ್ಯವೂ ಪಾರಾಯಣ ಮಾಡುವ ನೀವೆಲ್ಲರೂ ಅವುಗಳಲ್ಲಿ ಒಂದೊಂದು ದೇವನಾಮವು ನಿಯತವಾಗಿ ಬರುವುದನ್ನು ಕಂಡಿರುವಿರಷ್ಟೆ. ಬಸವಣ್ಣನವರ ವಚನವು ಕೂಡಲಸಂಗಮದೇವನನ್ನೂ, ಅಲ್ಲಮಪ್ರಭುದೇವರ ವಚನವು ಗುಹೇಶ್ವರನನ್ನೂ, ಮಹಾದೇವಿಯಕ್ಕನ ವಚನವು ಚೆನ್ನಮಲ್ಲಿಕಾರ್ಜುನನನ್ನೂ ಕರೆಯುವುದು. ಜೇಡರ ದಾಸಿಮಯ್ಯನವರು ರಾಮನಾಥನನ್ನು ಕರೆದರು. ಅಂಬಿಗರ ಚೌಡಯ್ಯನವರಾದರೋ ಆ ಸ್ಥಾನದಲ್ಲಿ ತಮ್ಮ ಹೆಸರನ್ನೇ ನಿಲ್ಲಿಸಿ, ಈ ಮಾತನ್ನು ಆಡಿದವನು ತಾನೇ ಎಂದು ನಿರ್ಭಯವಾಗಿ ಸಾರಿದರು. ಇದಕ್ಕೆ ಅಂಕಿತವೆಂದೂ ಮುದ್ರಿಕೆಯೆಂದೂ ಹೆಸರು.

ಅಂಕಿತವು ವಚನಕಾರನಾರೆಂಬುದನ್ನು ಗುರುತಿಸುವ ಚಿಹ್ನೆಯೆಂದು ಪಂಡಿತರು ಹೇಳುವರು. ಅದು ನಿಜವು. ಆದರೆ ಅಷ್ಟೇ ಅಲ್ಲ. ನಮ್ಮ ಆಚಾರದಲ್ಲಿ ಭಕ್ತನಾದವನು ಇಷ್ಟಲಿಂಗಕ್ಕೆ ಅರ್ಪಿಸದ ಪದಾರ್ಥವನ್ನು ಬಾಯಿಗಿಡುವುದಿಲ್ಲ, ಅರ್ಪಿತವಾದುದೇ ಪ್ರಸಾದವು. ಒಳಕ್ಕೆ ಹೋಗುವ ಅನ್ನಕ್ಕೆ ಈ ನಿಯಮವಿರುವಂತೆ ಹೊರಕ್ಕೆ ಬರುವ ನುಡಿಗೂ ಶರಣರು ಅದೇ ನಿಯಮವನ್ನಿಟ್ಟರು. ಆಡುವ ಮಾತನ್ನು ಮೊದಲು ತನ್ನ ಆರಾಧ್ಯದೈವದ ಇದಿರಿನಲ್ಲಿಟ್ಟು, ಅವನನ್ನು ಸಾಕ್ಷಿಗೆ ಕರೆದು, ಆಮೇಲೆ ಲೋಕಕ್ಕೆ ಕೊಟ್ಟರು. ದೇವನ ಮುಂದಿಡಲಾರದ ಮಾತನ್ನು ಅವರು ಆಡಲಿಲ್ಲ. ಆದುದರಿಂದ ಅಂಕಿತವೆಂದರೆ ಹೊಣೆಗಾರಿಕೆಯು. ನುಡಿಯು ಹೇಗಿರಬೇಕೆಂಬ ವಿಷಯದಲ್ಲಿ ಬಸವಣ್ಣನವರು ಅಪ್ಪಣೆ ಕೊಡಿಸಿದ ವಚನವು ನಿಮ್ಮ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರುವುದರಿಂದ ಅದನ್ನು ಇಲ್ಲಿ ಪುನಃ ಬರೆಯುವ ಅವಶ್ಯವಿಲ್ಲ. ಅದನ್ನು ಇಂದಿನ ದಿನಮಾನದಲ್ಲಿ ಹೇಗೆ ನಡೆಸಬೇಕೆಂಬುದೇ ಈ ತಿಂಗಳ ವಿಚಾರವು.

ಇಂದು ಬೆಳಗಿನಲ್ಲಿ ಕಣ್ಣು ತೆರೆದೊಡನೆ ವಿಭೂತಿಯ ಕರಡಿಗೆಗಿಂತ ಮೊದಲು ನಮ್ಮ ಕೈಗೆ ಬರುವ ವಸ್ತುವು ಮೊಬೈಲು. ಇದನ್ನು ನಿಂದಿಸುವುದಕ್ಕಾಗಿ ನಾನು ಹೇಳುತ್ತಿಲ್ಲ. ದೂರದೇಶದಲ್ಲಿರುವ ಮಗನ ಮುಖವನ್ನು ಮುದಿತಾಯಿಗೆ ತೋರಿಸುವುದು ಅದೇ. ಕಾಯಿಪಲ್ಲೆಯ ಧಾರಣೆಯನ್ನು ಒಕ್ಕಲಿಗನಿಗೆ ತಿಳಿಸುವುದು ಅದೇ. ಯಂತ್ರಕ್ಕೆ ಪಾಪವಿಲ್ಲ, ಪುಣ್ಯವೂ ಇಲ್ಲ. ಆದರೆ ಇಷ್ಟಲಿಂಗವನ್ನು ಧರಿಸಿ ಪೂಜಿಸುವ ಅದೇ ಅಂಗೈಯ ಮೇಲೆ ಈ ಯಂತ್ರವೂ ಕುಳಿತಿರುವುದರಿಂದ, ಅದರಲ್ಲಿ ಏನು ಬರುವುದು, ಅದರಿಂದ ಏನು ಹೋಗುವುದು ಎಂಬುದನ್ನು ವಿಚಾರಿಸುವುದು ಭಕ್ತನಾದವನ ಕರ್ತವ್ಯವು. ಅಲ್ಲಿ ಬರುವ ಮಾತುಗಳಲ್ಲಿ ಬಹುಪಾಲು ಅಂಕಿತವಿಲ್ಲದವುಗಳು. ಯಾರು ಬರೆದರು, ಯಾವಾಗ ಬರೆದರು, ಯಾವ ಊರಿನ ಸಂಗತಿ ಎಂಬುದೊಂದೂ ಇಲ್ಲದೆ, ಕೈಯಿಂದ ಕೈಗೆ ದಾಟುತ್ತ ಬಂದು, ನಮ್ಮ ಕೈಯಿಂದಲೂ ದಾಟಿಹೋಗುವುವು. ಈ ದಾಟಿಸುವ ಕೆಲಸಕ್ಕೆ ಜನರು ಫಾರ್ವರ್ಡ್ ಮಾಡುವುದೆಂದು ಹೇಳುವರು.

ಇದರಲ್ಲೇನು ಮಹಾ ದೋಷವೆಂದು ಕೇಳುವವರಿಗೆ, ನಾನು ಅನ್ಯರ ದೋಷವನ್ನೆತ್ತಿ ಆಡುವುದಕ್ಕಿಂತ ಮೊದಲು ನನ್ನ ದೋಷವನ್ನೇ ನಿವೇದಿಸಿಕೊಳ್ಳುವೆನು.

೨೦೧೮ನೆಯ ಇಸವಿಯ ಬೇಸಗೆಯ ದಿನಗಳವು. ಮಕ್ಕಳನ್ನು ಕದಿಯುವವರ ತಂಡವು ಊರೂರು ತಿರುಗುತ್ತಿದೆಯೆಂಬ ಸುದ್ದಿಯು ವಾಟ್ಸಾಪಿನಲ್ಲಿ ಎಲ್ಲೆಡೆಯಲ್ಲಿಯೂ ಹರಡಿದ್ದಿತು. ಅದರ ಜೊತೆಗೊಂದು ವಿಡಿಯೋ. ಮೋಟಾರು ಸೈಕಲ್ಲಿನ ಮೇಲೆ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿರುವ ಮಗುವೊಂದನ್ನು ಎತ್ತಿಕೊಂಡು ಓಡುವರು. ಅದನ್ನು ನೋಡಿ ನನ್ನ ಎದೆಯು ನಡುಗಿತು. ನಮ್ಮ ಪಾಠಶಾಲೆಯ ಚಿಕ್ಕ ಮಕ್ಕಳ ಮುಖಗಳು ಕಣ್ಣಮುಂದೆ ಬಂದವು. ಒಂದು ಗಳಿಗೆಯೂ ಯೋಚಿಸದೆ, 'ಪಾಲಕರು ಎಚ್ಚರದಿಂದಿರಬೇಕು' ಎಂಬ ಒಂದು ಸಾಲನ್ನು ಮೇಲೆ ಬರೆದು, ನನಗೆ ಗೊತ್ತಿದ್ದ ನಾಲ್ಕು ಗುಂಪುಗಳಿಗೆ ಕಳಿಸಿದೆನು. ಒಂದು ಸತ್ಕಾರ್ಯವನ್ನು ಮಾಡಿದೆನೆಂಬ ಸಮಾಧಾನದಿಂದ ರಾತ್ರಿ ನಿದ್ರೆ ಮಾಡಿದೆನು.

ಆ ವಿಡಿಯೋದ ನಿಜಸ್ಥಿತಿಯು ಆಮೇಲೆ ತಿಳಿದುಬಂದಿತು. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳ ರಕ್ಷಣೆಯ ಬಗ್ಗೆ ಜನರನ್ನು ಎಚ್ಚರಿಸುವುದಕ್ಕಾಗಿ ನಟರಿಂದ ಆಡಿಸಿ ಚಿತ್ರಿಸಿದ್ದು. ಮೂಲದಲ್ಲಿ ಆ ಇಬ್ಬರೂ ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಬರಹವುಳ್ಳ ಫಲಕವನ್ನು ತೋರಿಸುವರು. ಯಾರೋ ಒಬ್ಬರು ಆ ಕೊನೆಯ ಭಾಗವನ್ನು ಕತ್ತರಿಸಿ ಉಳಿದುದನ್ನು ಹರಿಯಬಿಟ್ಟಿದ್ದರು. ಮಕ್ಕಳನ್ನು ಕಾಯುವುದಕ್ಕೆ ಹುಟ್ಟಿದ ನುಡಿಯು ಬಾಲವನ್ನು ಕತ್ತರಿಸಿದ ಮಾತ್ರದಿಂದ ಮನುಷ್ಯರನ್ನು ಕೊಲ್ಲುವ ನುಡಿಯಾಯಿತು. ಅರ್ಧ ಸತ್ಯವು ಪೂರ್ಣ ಅಸತ್ಯಕ್ಕಿಂತಲೂ ಭಯಂಕರವಾದುದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ.

ನಾನು ಕಳಿಸಿದ ಕೆಲವು ದಿನಗಳಲ್ಲಿಯೇ ನಮ್ಮೂರಿನ ಓಣಿಯೊಂದಕ್ಕೆ, ಹಳೆಯ ಬಟ್ಟೆಗಳನ್ನು ತೆಗೆದುಕೊಂಡು ಪಾತ್ರೆಗಳನ್ನು ಕೊಡುವ ಒಬ್ಬ ಹೆಣ್ಣುಮಗಳು ಬಂದಳು. ಬಾಯಾರಿಕೆಯಾಗಿ, ಕಟ್ಟೆಯ ಮೇಲೆ ಕುಳಿತಿದ್ದ ಹುಡುಗಿಯನ್ನು ಕರೆದು ನೀರು ಕೇಳಿದಳಂತೆ. ಅಷ್ಟರಲ್ಲಿ ಹತ್ತೆಂಟು ತರುಣರು ಸುತ್ತುವರಿದರು. ಗಂಟನ್ನು ಬಿಚ್ಚಿ ಚೆಲ್ಲಿದರು. ಹೆಸರೇನು, ಊರು ಯಾವುದು, ಹುಡುಗಿಯನ್ನೇಕೆ ಕರೆದೆ ಎಂದು ಗದ್ದಲವೆದ್ದಿತು. ಒಬ್ಬನ ಕೈ ಮೇಲಕ್ಕೆ ಹೋಗಿದ್ದಿತು. ಆಗ ಆ ಓಣಿಯ ಒಬ್ಬ ಮುದುಕಿಯು ಜನರನ್ನು ಸರಿಸಿಕೊಂಡು ನಡುವೆ ಬಂದು ನಿಂತು, 'ಏ ತಮ್ಮಾ, ಕೈ ಇಳಸು. ಈಕಿ ವರ್ಷಾ ವರ್ಷಾ ನಮ್ಮ ಓಣಿಗೆ ಬರುವಾಕಿ. ಹ್ವಾದ ವರ್ಷ ಈಕಿ ಕಡೆ ತಗೊಂಡ ಡಬರಿಯೊಳಗ ಈಗ ನಮ್ಮ ಮನಿ ಸಾರು ಕುದಿಯಾಕತ್ತೈತಿ' ಎಂದು ಹೇಳಿ, ಅವಳ ಕೈ ಹಿಡಿದು ತನ್ನ ಮನೆಯೊಳಕ್ಕೆ ಕರೆದುಕೊಂಡು ಹೋಗಿ ನೀರು ಕೊಟ್ಟಳು.

ಸುದ್ದಿ ತಿಳಿದು ನಾನು ಅಲ್ಲಿಗೆ ಹೋದಾಗ ಆ ತರುಣರಲ್ಲೊಬ್ಬನು, ನನ್ನ ಹಳೆಯ ಶಿಷ್ಯನು, ಮೊಬೈಲನ್ನು ಮುಂದೆ ಹಿಡಿದು, 'ನಾವೇನು ಸುಮ್ಮನೆ ಮಾಡಲಿಲ್ಲರಿ. ನೀವೇ ಕಳಿಸಿದ್ದಿರಲ್ಲರಿ ಗುರುಗಳೇ' ಎಂದನು. ನೋಡಿದೆನು. ಅದೇ ವಿಡಿಯೋ. ಮೇಲ್ಗಡೆಯಲ್ಲಿ ನಾನು ಬರೆದ ಅದೇ ಒಂದು ಸಾಲು.

ಮಹಾಶಯರೇ, ನಾನು ಆ ದಿನ ಕಲಿತ ಪಾಠವನ್ನು ಮೂವತ್ತು ವರ್ಷಗಳ ಅಧ್ಯಾಪನದಲ್ಲಿಯೂ ಕಲಿತಿರಲಿಲ್ಲ. ಆ ಸುದ್ದಿಗೆ ಅಂಕಿತವಿರಲಿಲ್ಲ. ಅದಕ್ಕೆ ಅಂಕಿತವನ್ನು ಹಾಕಿದವನು ನಾನು. ಊರಿನವರು ನಂಬಿದ್ದು ಯಾವನೋ ಅಜ್ಞಾತನನ್ನಲ್ಲ, ಮಠದ ಪಾಠಶಾಲೆಯ ಗುರುವನ್ನು. ನಾನೇ ಬರೆದುದಲ್ಲ, ಬಂದುದನ್ನು ಕಳಿಸಿದೆನಷ್ಟೆ ಎಂಬ ಸಮಜಾಯಿಷಿಯು ನಾಲಗೆಯ ತುದಿಗೆ ಬಂದಿತು. ಆದರೆ ಆ ಹೆಣ್ಣುಮಗಳ ಚೆಲ್ಲಿದ ಗಂಟನ್ನು ಕಂಡ ಮೇಲೆ ಅದನ್ನು ಆಡುವುದಕ್ಕೆ ಬಾಯಿ ಬರಲಿಲ್ಲ. ಮನೆಗೆ ಬಂದು ನನ್ನ ಮೊಬೈಲಿನಿಂದ ಅದನ್ನು ಅಳಿಸಿದೆನು. ಅದು ಹೋಗಿ ಸೇರಿದ ಮೊಬೈಲುಗಳಿಂದ ಅಳಿಸಲಾರದೆ ಹೋದೆನು. ನಾಲ್ಕು ಗುಂಪುಗಳಿಗೂ 'ನಾನು ಕಳಿಸಿದುದು ಸುಳ್ಳು, ಕ್ಷಮಿಸಿರಿ' ಎಂದು ಬರೆದೆನು. ನನ್ನ ಸಮೀಪಬಂಧುವೊಬ್ಬರು, 'ಅದನ್ನು ನಾವು ನಮ್ಮ ಬೀಗರೂರಿನವರಿಗೆಲ್ಲ ಕಳಿಸಿ ಹತ್ತು ದಿನವಾಯಿತಲ್ಲಾ' ಎಂದು ಉತ್ತರ ಕೊಟ್ಟರು. ಮೊದಲನೆಯದು ಓಡಿದಷ್ಟು ವೇಗವಾಗಿ ಎರಡನೆಯದು ಓಡಲಿಲ್ಲ.

ನಮ್ಮೂರಿನಲ್ಲಿ ಒಬ್ಬ ಮುದುಕಿಯಿದ್ದಳು. ಎಲ್ಲ ಊರುಗಳಲ್ಲಿಯೂ ಅಂಥವಳು ಆ ಹೊತ್ತಿಗೆ ಸರಿಯಾಗಿ ಹೊರಗೆ ಬರಲಿಲ್ಲ. ಅದೇ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ರಾಜಸ್ಥಾನದಿಂದ ಹೊಟ್ಟೆಪಾಡಿಗೆ ಬಂದಿದ್ದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಜನರು ಹೊಡೆದು ಕೊಂದರು. ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬ ಹಳ್ಳಿಯಲ್ಲಿ ಐವರು ಭಿಕ್ಷುಕರನ್ನು ಅದೇ ಸಂಶಯದಿಂದ ಹೊಡೆದು ಕೊಂದರು. ಅವರು ನಾಥಪಂಥಿ ಡವರಿ ಗೋಸಾವಿಗಳೆಂಬ ಅಲೆಮಾರಿ ಜನಾಂಗದವರು. ಊರೂರು ತಿರುಗಿ ಭಿಕ್ಷೆ ಬೇಡುವುದು ಅವರ ಕುಲವೃತ್ತಿ. ಅವರಲ್ಲಿ ಹೆಚ್ಚಿನವರು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಕಡೆಯವರು. ಈ ಮಂಗಳವೇಢೆಯೇ, ಬಸವಣ್ಣನವರು ಮೊದಲು ಕರಣಿಕರಾಗಿದ್ದರೆಂದು ನಮ್ಮ ಹಿರಿಯರು ಹೇಳುವ ಮಂಗಳವಾಡವು. ಮನೆಯ ಬಾಗಿಲಿಗೆ ಬಂದ ಜೋಳಿಗೆಯನ್ನು ಕಂಡರೆ ಕೈ ಮುಗಿಯುವ ಸಂಪ್ರದಾಯವುಳ್ಳ ಈ ನಾಡುಗಳಲ್ಲಿ, ಜೋಳಿಗೆಯನ್ನು ಕಂಡರೆ ಕಲ್ಲೆತ್ತುವ ಕಾಲವು ಬಂದಿತು.

ಅದಾದ ಹನ್ನೆರಡು ದಿನಗಳಿಗೆ, ಜುಲೈ ೧೩ರಂದು, ನಮ್ಮ ಬೀದರ ಜಿಲ್ಲೆಯ ಮುರ್ಕಿಯಲ್ಲಿ ನಡೆದುದು ಇನ್ನೂ ದಾರುಣವಾದುದು. ಹೈದರಾಬಾದಿನಿಂದ ಕಾರಿನಲ್ಲಿ ಬಂದ ಕೆಲವರು ಗೆಳೆಯರು ದಾರಿಯಲ್ಲಿ ಶಾಲೆಯ ಮಕ್ಕಳನ್ನು ಕಂಡು ಪ್ರೀತಿಯಿಂದ ಚಾಕಲೇಟುಗಳನ್ನು ಕೊಟ್ಟರು. ಅಷ್ಟಕ್ಕೇ ಸಂಶಯವು ಹುಟ್ಟಿತು. ಜನರು ಮುತ್ತಿದಾಗ ಅವರು ಹೆದರಿ ಕಾರನ್ನು ಓಡಿಸಿದರು. ಕಾರಿಗಿಂತ ಮುಂದಾಗಿ ಅವರ ಸುದ್ದಿಯು ವಾಟ್ಸಾಪಿನಲ್ಲಿ ಮುರ್ಕಿಗೆ ಬಂದಿತ್ತು. ಅಲ್ಲಿ ದಾರಿಯನ್ನು ಕಟ್ಟಿ ಜನರು ಕಾದಿದ್ದರು. ಕಾರು ತಗ್ಗಿಗೆ ಬಿದ್ದಿತು. ಗುಂಪು ಮೇಲೆ ಬಿದ್ದಿತು. ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟುಗಳಾದವು. ಕಂಪ್ಯೂಟರ್ ವಿದ್ಯೆಯಿಂದ ಜೀವನ ನಡೆಸುತ್ತಿದ್ದ ಒಬ್ಬ ತರುಣನು ಅಸುನೀಗಿದನು, ಜೊತೆಯವರು ಗಾಯಗೊಂಡರು. ಆಮೇಲೆ ಹತ್ತಾರು ಮಂದಿಯ ಬಂಧನವಾಯಿತು. ಸತ್ತವನ ಮನೆಯಂತೆ ಸೆರೆಹೋದವರ ಮನೆಗಳೂ ಕತ್ತಲಾದವು.

ಬಸವಕಲ್ಯಾಣವಿರುವುದು ಅದೇ ಬೀದರ ಜಿಲ್ಲೆಯಲ್ಲಿಯೇ. ಎಲ್ಲೆಲ್ಲಿಂದಲೋ ಬಂದ ಅಪರಿಚಿತರನ್ನು ಬರಮಾಡಿಕೊಂಡು, ಅವರ ನುಡಿಯನ್ನು ಕೇಳಿ, ತಮ್ಮ ನುಡಿಯನ್ನು ಹೇಳಿ, ಅನುಭಾವವನ್ನು ನಡೆಸಿದ ನೆಲವು ಅದು. ಕಾಶ್ಮೀರದಿಂದ ಅರಸನೇ ಬಂದು ಕಟ್ಟಿಗೆ ಮಾರುವ ಮಾರಯ್ಯನಾದನೆಂದು ಹೇಳುವ ನೆಲವು. ಆ ನೆಲದಲ್ಲಿ ಹೊರಗಿನವನೊಬ್ಬನು ಮಕ್ಕಳಿಗೆ ತಿಂಡಿ ಕೊಟ್ಟುದು ಮರಣಕ್ಕೆ ಕಾರಣವಾಯಿತೆಂಬುದನ್ನು ನೆನೆದಾಗ, ನಾವು ಶರಣರ ವಚನಗಳನ್ನು ಓದಿದುದು ನಾಲಗೆಯಿಂದಲೋ ಹೃದಯದಿಂದಲೋ ಎಂಬ ಪ್ರಶ್ನೆಯು ಏಳದಿರಲಾರದು. ಮುರ್ಕಿಯವರು ನಮಗಿಂತ ಕೆಟ್ಟವರೆಂದು ನಾನು ಹೇಳಲಾರೆನು. ನನಗೂ ಅವರಿಗೂ ಅಂತರವಾದದ್ದು ಒಬ್ಬ ಮುದುಕಿಯಿಂದ ಮಾತ್ರ.

ಇನ್ನು ವಿಚಾರಕ್ಕೆ ಬರೋಣ. ಕಾಯ, ವಾಕ್ಕು, ಮನಸ್ಸು ಎಂಬ ಮೂರು ಕರಣಗಳು ಒಂದಾಗಿರುವುದೇ ತ್ರಿಕರಣಶುದ್ಧಿಯೆಂದು ನಮ್ಮ ಹಿರಿಯರು ಹೇಳುವರು. ಹಿಂದೆ ಸುಳ್ಳಾಡುವವನಾದರೂ ಮನಸ್ಸಿನಲ್ಲಿ ಯೋಚಿಸಿ ನಾಲಗೆಯಿಂದ ಆಡಬೇಕಾಗಿದ್ದಿತು. ಈಗ ಹಾಗಿಲ್ಲ. ಬೆರಳು ಒತ್ತಿತು, ನುಡಿಯು ಹೋಯಿತು. ಮನಸ್ಸಿಗೆ ಸುದ್ದಿಯೇ ಇಲ್ಲ. ಮನಸ್ಸು ಇಲ್ಲದೆ ಕಾಯವೇ ಮಾತನಾಡುವ ವಿಚಿತ್ರವಾದ ಸ್ಥಿತಿಯು ಇದು. ಅದರ ವೇಗವನ್ನೂ ಲೆಕ್ಕ ಹಾಕಿ ನೋಡಿರಿ. ಒಬ್ಬನು ಐವರಿಗೆ, ಆ ಐವರಲ್ಲಿ ಪ್ರತಿಯೊಬ್ಬನೂ ಬೇರೆ ಐವರಿಗೆ ಕಳಿಸಿದರೆ, ಎರಡನೆಯ ಸಲಕ್ಕೆ ೨೫, ಮೂರನೆಯ ಸಲಕ್ಕೆ ೧೨೫, ಆರನೆಯ ಸಲಕ್ಕೆ ೧೫,೬೨೫ ಜನರನ್ನು ಅದು ಮುಟ್ಟುವುದು. ೨೦೧೮ರಲ್ಲಿ ಒಂದು ಗುಂಪಿನಲ್ಲಿಯೇ ೨೫೬ ಮಂದಿ ಇರಬಹುದಾಗಿದ್ದಿತು.

ಈ ಕೊಲೆಗಳಾದ ಮೇಲೆ ಆ ಜುಲೈ ತಿಂಗಳಲ್ಲಿಯೇ ವಾಟ್ಸಾಪಿನವರು, ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಳಿಗಿಂತ ಹೆಚ್ಚಾಗಿ ಫಾರ್ವರ್ಡ್ ಮಾಡಬಾರದೆಂದು ಮಿತಿಯನ್ನು ಸಾರಿದರು. ೨೦೧೯ರಲ್ಲಿ ಆ ಮಿತಿಯು ಜಗತ್ತಿಗೆಲ್ಲ ಬಂದಿತು. ೨೦೨೦ರಲ್ಲಿ, ಬಹಳ ಕೈಗಳನ್ನು ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದೆಂದು ಇನ್ನಷ್ಟು ಬಿಗಿ ಮಾಡಿದರು. ಇವೆಲ್ಲ ಒಳ್ಳೆಯವೇ. ಆದರೆ ಇವು ಬೆರಳಿಗೆ ಹಾಕಿದ ಕಟ್ಟುಗಳು. ಮನಸ್ಸಿಗೆ ಕಟ್ಟು ಹಾಕಿಕೊಳ್ಳುವುದು ನಮ್ಮ ಕೆಲಸವೇ ಹೊರತು ಯಂತ್ರ ಮಾಡಿದವರ ಕೆಲಸವಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. 'ಸುದ್ದಿಯು ನಿಜವಾಗಿದ್ದು, ನಾವು ತಿಳಿಸದೆ ಉಳಿದು, ಯಾರದಾದರೂ ಮಗುವಿಗೆ ಅಪಾಯವಾದರೆ ಆ ಪಾಪವು ಯಾರಿಗೆ?' ಇದು ತೂಕವುಳ್ಳ ಮಾತು. ಇದನ್ನು ಹಗುರವಾಗಿ ತಳ್ಳತಕ್ಕದ್ದಲ್ಲ. ಇದಕ್ಕೆ ಸಮಾಧಾನವು ಹೀಗೆ. ಕಣ್ಣಮುಂದೆ ಅಪಾಯವು ಕಂಡರೆ ಸುಮ್ಮನಿರಬೇಕೆಂದು ಯಾರೂ ಹೇಳಲಾರರು. ಆದರೆ ಅದನ್ನು ತಿಳಿಸಬೇಕಾದುದು ವಿಚಾರಿಸಿ ಕ್ರಮ ಕೈಕೊಳ್ಳಬಲ್ಲವರಿಗೆ. ಪೊಲೀಸರಿಗೆ ೧೧೨, ಮಕ್ಕಳ ಸಹಾಯವಾಣಿಗೆ ೧೦೯೮ ಎಂಬ ಸಂಖ್ಯೆಗಳಿರುವುವು. ಅಲ್ಲಿ ಹೇಳುವವನು ತಾನು ಏನನ್ನು ಎಲ್ಲಿ ಕಂಡೆನೆಂದು ಹೇಳಬೇಕಾಗುವುದು. ಅಂದರೆ ತನ್ನ ಅಂಕಿತವನ್ನು ಹಾಕಬೇಕಾಗುವುದು. ಅಲ್ಲಿ ಹೇಳಲು ಹಿಂಜರಿಯುವ ಮಾತನ್ನು ಇನ್ನೂರು ಜನರಿಗೆ ಕಳಿಸಲು ಹಿಂಜರಿಯುವುದಿಲ್ಲವಾದರೆ, ನಮಗೆ ಬೇಕಾದುದು ಮಕ್ಕಳ ರಕ್ಷಣೆಯಲ್ಲ, ಸುದ್ದಿ ಹೇಳಿದವನೆಂಬ ಹೆಮ್ಮೆಯು. ನನ್ನಲ್ಲಿಯೂ ಆ ದಿನ ಆ ಹೆಮ್ಮೆಯು ಇದ್ದಿತೆಂಬುದನ್ನು ಮುಚ್ಚಿಡಲಾರೆನು.

ಮತ್ತೊಂದು ಆಕ್ಷೇಪವು. 'ನಮಗೆ ಬಹಳ ಆಪ್ತರಾದವರು ಕಳಿಸಿದ್ದು. ಅವರನ್ನು ನಂಬದಿರುವುದು ಹೇಗೆ?' ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ ಎಂದು ಶಾಸ್ತ್ರಕಾರರು ಪ್ರಮಾಣಗಳನ್ನು ಹೇಳಿರುವರು. ಇಲ್ಲಿ ಆಪ್ತನೆಂದರೆ ನೆಂಟನಲ್ಲ, ಗೆಳೆಯನಲ್ಲ. ವಸ್ತುವನ್ನು ಇದ್ದಂತೆ ಕಂಡು, ಕಂಡಂತೆ ಹೇಳುವವನು ಶಾಸ್ತ್ರದ ಆಪ್ತನು. ಕನ್ನಡದಲ್ಲಿ ಎರಡಕ್ಕೂ ಒಂದೇ ಶಬ್ದವಿರುವುದರಿಂದ ನಾವು ಭ್ರಾಂತಿಗೊಳಗಾಗುವೆವು. ನಮಗೆ ಆಪ್ತನಾದವನೆಲ್ಲ ಆ ಸಂಗತಿಯಲ್ಲಿ ಆಪ್ತನಲ್ಲ. ಅವನು ತಾನು ಕಾಣಲಿಲ್ಲ. ಅವನಿಗೆ ಕಳಿಸಿದವನೂ ಕಾಣಲಿಲ್ಲ. ಇನ್ನು ಪ್ರತ್ಯಕ್ಷವೆನ್ನುವಿರೋ? ಮೊಬೈಲಿನಲ್ಲಿ ಕಂಡುದು ಪ್ರತ್ಯಕ್ಷವಲ್ಲ. ಕರಾಚಿಯ ವಿಡಿಯೋ ಅದಕ್ಕೆ ಸಾಕ್ಷಿ. ಈಗಂತೂ ಕೃತಕ ಬುದ್ಧಿಮತ್ತೆಯೆಂಬ ಯಂತ್ರವಿದ್ಯೆಯಿಂದ, ಇರುವ ಮನುಷ್ಯನ ಮುಖವನ್ನೂ ಕಂಠವನ್ನೂ ಹಾಗೆಯೇ ನಿರ್ಮಿಸಿ, ಅವನು ಆಡದ ಮಾತನ್ನು ಅವನಿಂದ ಆಡಿಸಬಹುದು. ನಾಳೆ ನಿಮ್ಮ ಗುರುಗಳ ಧ್ವನಿಯಲ್ಲಿಯೇ ಒಂದು ಅಪ್ಪಣೆಯು ಬರಬಹುದು. ಆಗ ಕಣ್ಣು ಕಿವಿಗಳೂ ಕೈಕೊಡುವುವು, ವಿವೇಕವೊಂದೇ ಉಳಿಯುವುದು.

ಅನುಭವಮಂಟಪದ ರೀತಿಯಾದರೂ ಇದೇ ಅಲ್ಲವೆ? ಶೂನ್ಯಸಂಪಾದನೆಯನ್ನು ಓದಿದವರು ಬಲ್ಲರು. ಅಲ್ಲಮಪ್ರಭುಗಳು ಯಾರ ಮಾತನ್ನೂ ಆಡಿದವರ ಹಿರಿಮೆಯನ್ನು ನೋಡಿ ಒಪ್ಪಿಕೊಳ್ಳಲಿಲ್ಲ. ಸಿದ್ಧರಾಮೇಶ್ವರರಂಥ ಮಹಾಯೋಗಿಗಳನ್ನೂ, ಮಹಾದೇವಿಯಕ್ಕನಂಥ ವಿರಾಗಿಣಿಯನ್ನೂ ಪ್ರಶ್ನೆಯ ಮೇಲೆ ಪ್ರಶ್ನೆಯನ್ನು ಕೇಳಿ ಪರೀಕ್ಷಿಸಿದರು.  ವ್ಯಕ್ತಿಗೆ ಶರಣೆನ್ನಬೇಕು, ನುಡಿಯನ್ನು ಪರೀಕ್ಷಿಸಬೇಕು. ಹಿರಿಯರು ಕಳಿಸಿದ ಸಂದೇಶಕ್ಕೆ, 'ಇದು ನಿಮಗೆ ಎಲ್ಲಿಂದ ಬಂದಿತು?' ಎಂದು ವಿನಯದಿಂದ ಕೇಳುವುದು ಅಗೌರವವಲ್ಲ. ಅದು ಮಂಟಪದ ಮರ್ಯಾದೆಯು.

ಈ ಪ್ರಶ್ನೆಯನ್ನು ಗೃಹಸ್ಥರ ಮನೆಯ ಬಾಗಿಲಿನಲ್ಲಿಯೇ ಕೇಳಿದ ಶರಣೆಯೊಬ್ಬಳ ಕಥೆಯು ನಿಮಗೆ ಗೊತ್ತಿರುವುದೇ. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿ ಬಂದಿತು. ಅವರ ಧರ್ಮಪತ್ನಿಯಾದ ಲಕ್ಕಮ್ಮನವರು ಸಂತೋಷಪಡಲಿಲ್ಲ. ತಡೆದು ನಿಲ್ಲಿಸಿ ವಿಚಾರಿಸಿದರು. ನಮ್ಮ ಕಾಯಕಕ್ಕೆ ಮೀರಿದುದು ನಮಗೆ ಬೇಡವೆಂದು, ತಂದಲ್ಲಿಗೇ ಹೋಗಿ ಸುರಿದು ಬರಲು ಹೇಳಿದರು. ಅಕ್ಕಿ ಕೆಟ್ಟಿರಲಿಲ್ಲ, ಕದ್ದುದಾಗಿರಲಿಲ್ಲ. ಆದರೂ ಅದು ಒಳಗೆ ಬರುವುದಕ್ಕಿಂತ ಮೊದಲು ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ನಾವಾದರೋ ದಿನಕ್ಕೆ ನೂರು ಸಂದೇಶಗಳನ್ನು ಹೊಸ್ತಿಲಲ್ಲಿ ನಿಲ್ಲಿಸದೆ ಒಳಗೆ ಬಿಟ್ಟುಕೊಳ್ಳುವೆವು; ಅಷ್ಟೇ ಅಲ್ಲ, ಹಿಂಬಾಗಿಲಿನಿಂದ ನೆರೆಮನೆಗೂ ಅಟ್ಟುವೆವು. ತಂದಲ್ಲಿಗೇ ಸುರಿಯುವ ಲಕ್ಕಮ್ಮನವರ ಆಚಾರವನ್ನು ಈ ವಿಷಯದಲ್ಲಿ ಹಿಡಿದರೆ ಎಷ್ಟೋ ಅನರ್ಥಗಳು ತಪ್ಪುವುವು.

ಇನ್ನೊಂದು ದೋಷವು ನಮ್ಮ ಸಮಾಜಕ್ಕೆ ವಿಶೇಷವಾಗಿ ಸಂಬಂಧಿಸಿದುದು. ಅದು ಸುಳ್ಳು ಅಂಕಿತದ ದೋಷ. ಕೆಲವು ಕಾಲದ ಹಿಂದೆ ಒಂದು ಸುಂದರವಾದ ಚಿತ್ರದ ಮೇಲೆ ಬರೆದ, ಕೂಡಲಸಂಗಮದೇವನ ಅಂಕಿತವುಳ್ಳ ವಚನವೊಂದು ನನಗೆ ಬಂದಿತು. ಮರುದಿನ ತರಗತಿಯಲ್ಲಿ ಅದನ್ನು ಹಲಗೆಯ ಮೇಲೆ ಬರೆಯಿಸಿದೆನು. ಎಂಟನೆಯ ಇಯತ್ತೆಯ ಒಬ್ಬ ಬಾಲಿಕೆಯು ಎದ್ದು, 'ಗುರುಗಳೇ, ಇದು ಎಷ್ಟನೆಯ ವಚನರಿ? ನಮ್ಮ ಅಜ್ಜಾರ ಪುಸ್ತಕದಾಗ ನೋಡಬೇಕು' ಎಂದಳು. ಹೇಳಲಾರದೆ, ನಾಳೆ ಹೇಳುವೆನೆಂದೆನು. ಆ ರಾತ್ರಿ ಸಂಪುಟಗಳನ್ನೆಲ್ಲ ತಿರುವಿದರೂ ಅದು ಸಿಕ್ಕಲಿಲ್ಲ. ಅದರ ಭಾಷೆಯನ್ನು ನಿಧಾನಿಸಿ ನೋಡಿದರೆ ಇಂದಿನ ವರ್ತಮಾನಪತ್ರದ ಕನ್ನಡ. ಹನ್ನೆರಡನೆಯ ಶತಮಾನದ ಒಂದು ಶಬ್ದದ ಗಂಧವೂ ಇಲ್ಲ. ಮರುದಿನ ಮಕ್ಕಳ ಮುಂದೆ ತಪ್ಪನ್ನು ಒಪ್ಪಿಕೊಂಡು ಹಲಗೆಯನ್ನು ಒರಸಿದೆನು. ಭಾವವು ಒಳ್ಳೆಯದೇ ಆಗಿದ್ದಿತು. ಆದರೆ ಬಸವಣ್ಣನವರು ಆಡದ ಒಳ್ಳೆಯ ಮಾತಿಗೆ ಬಸವಣ್ಣನವರ ಅಂಕಿತವನ್ನು ಹಾಕುವುದೂ ಖೊಟ್ಟಿ ಸಹಿಯೇ.

ಇದರ ಘೋರತೆಯು ತಿಳಿಯಬೇಕಾದರೆ, ಈ ವಚನಗಳು ನಮ್ಮ ಕೈಗೆ ಹೇಗೆ ಬಂದವೆಂಬುದನ್ನು ಸ್ಮರಿಸಬೇಕು. ವಿಜಾಪುರದಲ್ಲಿ ವಕೀಲರಾಗಿದ್ದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು (೧೮೮೦-೧೯೬೪) ಮನೆಮನೆಗಳ ಜಂತಿಗಳಲ್ಲಿ ಹೊಗೆ ಹಿಡಿದು ಬಿದ್ದಿದ್ದ ತಾಡವೋಲೆಗಳನ್ನು ಅಲೆದಾಡಿ ಕೂಡಿಸಿ, ಒಂದು ಪ್ರತಿಯನ್ನು ಇನ್ನೊಂದರೊಡನೆ ಒರೆಹಚ್ಚಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಪ್ರಕಟಿಸಿದರು. ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿ, ೧೯೨೬ರಿಂದ 'ಶಿವಾನುಭವ' ಪತ್ರಿಕೆಯನ್ನು ನಡೆಸಿ, ತಮ್ಮ ಸರ್ವಸ್ವವನ್ನೂ ಈ ಕಾರ್ಯಕ್ಕೇ ಸುರಿದರು. ಅವರ ತರುವಾಯ ಅನೇಕ ವಿದ್ವಾಂಸರು ಪಾಠಾಂತರಗಳನ್ನು ನೋಡಿ, ಪ್ರಕ್ಷಿಪ್ತಗಳನ್ನು ಬೇರ್ಪಡಿಸಿ ಶ್ರಮಪಟ್ಟ ಫಲವಾಗಿ ೧೯೯೩ರಲ್ಲಿ ಕರ್ನಾಟಕ ಸರಕಾರದಿಂದ ಸಮಗ್ರ ವಚನ ಸಂಪುಟಗಳು ೧೫ ಭಾಗಗಳಲ್ಲಿ ಹೊರಬಂದವು. ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ಓಲೆಗಳನ್ನು ನೋಡಿದವರ ತಪಸ್ಸನ್ನು ನಾವು ಒಂದು ಬೆರಳಿನಿಂದ ಕೆಡಿಸಬಹುದೆ?

ಯಂತ್ರವನ್ನು ನಿಂದಿಸಲಾರೆನೆಂದು ಮೊದಲೇ ಹೇಳಿದೆನಷ್ಟೆ. ಅದೇ ಮೊಬೈಲಿನಲ್ಲಿಯೇ 'ವಚನ ಸಂಚಯ'ವೆಂಬ ತಾಣದಲ್ಲಿ ೨೦ ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಕೆಲವರು ಕನ್ನಡದ ತರುಣರೂ ವಿದ್ವಾಂಸರೂ ಕೂಡಿ ಅಣಿಗೊಳಿಸಿಟ್ಟಿರುವರು. ಒಂದು ಶಬ್ದವನ್ನು ಬರೆದು ಹುಡುಕಿದರೆ ಆ ಶಬ್ದವುಳ್ಳ ವಚನಗಳು ಕಣ್ಣಮುಂದೆ ಬರುವುವು. ನಾನು ಒಂದು ರಾತ್ರಿಯೆಲ್ಲ ತಿರುವಿದುದನ್ನು ಅದು ಕ್ಷಣಮಾತ್ರದಲ್ಲಿ ಮಾಡುವುದು. ಸುಳ್ಳನ್ನು ಹರಡುವ ಬೆರಳಿಗೇ ನಿಜವನ್ನು ಹುಡುಕುವ ಶಕ್ತಿಯೂ ಇರುವುದು. ಯಾವುದಕ್ಕೆ ಬಳಸುವೆವೆಂಬುದರಲ್ಲಿಯೇ ಭಕ್ತನ ಪರೀಕ್ಷೆಯು.

ಕೊನೆಯದಾಗಿ ಗಣಾಚಾರದ ಮಾತು. ನಮ್ಮ ಧರ್ಮಕ್ಕೆ, ನಮ್ಮ ಗುರುಹಿರಿಯರಿಗೆ ಅವಮಾನವಾಯಿತೆಂಬ ಸಂದೇಶವು ಬಂದೊಡನೆ ಕೆಲವರ ರಕ್ತವು ಕುದಿಯುವುದು. ಶಿವನಿಂದೆಯನ್ನು ಸಹಿಸಬಾರದೆಂಬುದು ಗಣಾಚಾರವಾದುದರಿಂದ ಇದನ್ನು ಹರಡುವುದು ಧರ್ಮಕಾರ್ಯವೆಂದು ಅವರು ಹೇಳುವರು. ನಿಂದೆಯು ನಿಜವಾಗಿಯೂ ನಡೆಯಿತೆ ಎಂದು ತಿಳಿಯದೆ, ಆ ನಿಂದೆಯ ಮಾತುಗಳನ್ನೇ ಸಾವಿರ ಮನೆಗಳಿಗೆ ಮುಟ್ಟಿಸಿದವನು ನಿಂದಕನ ಕೆಲಸವನ್ನು ತಾನೇ ಮಾಡಿದಂತಾಗಲಿಲ್ಲವೆ? ಪಂಚಾಚಾರಗಳಲ್ಲಿ ಗಣಾಚಾರವು ಒಂಟಿಯಾಗಿಲ್ಲ. ಸದಾಚಾರವನ್ನೂ, ಎಲ್ಲರಿಗಿಂತ ತಾನು ಕಿರಿಯನೆಂಬ ಭೃತ್ಯಾಚಾರವನ್ನೂ ಬಿಟ್ಟ ಗಣಾಚಾರವು ಬರಿಯ ಕ್ರೋಧವು.

ಆದುದರಿಂದ, ಗೃಹಸ್ಥರಾದ ಭಕ್ತರು ಸುಲಭವಾಗಿ ಆಚರಿಸಬಹುದಾದ ಒಂದು ನಿಯಮವನ್ನು ನಿವೇದಿಸುವೆನು. ಯಾವುದೇ ಸುದ್ದಿಯನ್ನು ಮುಂದಕ್ಕೆ ಕಳಿಸುವುದಕ್ಕಿಂತ ಮೊದಲು ಬೆರಳನ್ನು ತಡೆದು ಮೂರು ಮಾತುಗಳನ್ನು ಕೇಳಿಕೊಳ್ಳಿರಿ. ಇದನ್ನು ಕಂಡವರು ಯಾರು? ಕೆಳಗೆ ನನ್ನ ಹೆಸರನ್ನೂ ಊರನ್ನೂ ಬರೆದು ಕಳಿಸಬಲ್ಲೆನೆ? ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಇದನ್ನು ಗಟ್ಟಿಯಾಗಿ ಓದಬಲ್ಲೆನೆ? ಮೂರಕ್ಕೂ ಉತ್ತರವು ಸಿಕ್ಕಿದರೆ ಕಳಿಸಿರಿ. ಒಂದಕ್ಕಾದರೂ ಸಿಕ್ಕದಿದ್ದರೆ ಆ ನುಡಿಯು ನಿಮ್ಮಲ್ಲಿಯೇ ನಿಲ್ಲಲಿ. ತಪ್ಪಿ ಕಳಿಸಿದ್ದಾದರೆ, ಯಾರು ಯಾರಿಗೆ ಹೋಯಿತೋ ಅವರಿಗೆಲ್ಲ ತಪ್ಪಾಯಿತೆಂದು ಬರೆಯಿರಿ. ನಾಚಿಕೆಯನ್ನು ಸಹಿಸುವುದೇ ಅದಕ್ಕೆ ಪ್ರಾಯಶ್ಚಿತ್ತವು. ಮನೆಯ ಮಕ್ಕಳೂ ಸೊಸೆಯಂದಿರೂ 'ಇದು ನಿಜವೇ?' ಎಂದು ಕೇಳಿದಾಗ ಗದರಿಸದೆ ಉತ್ತರವನ್ನು ಹುಡುಕಿರಿ. ಆ ಬಾಲಿಕೆಯು ಕೇಳದಿದ್ದರೆ ನಾನು ಇಂದಿಗೂ ಆ ವಚನವನ್ನು ಪಾಠ ಹೇಳುತ್ತಿದ್ದೆನು.

ಪಾತ್ರೆ ಮಾರುವ ಆ ಹೆಣ್ಣುಮಗಳು ಎರಡು ವರ್ಷ ನಮ್ಮೂರಿಗೆ ಬರಲಿಲ್ಲ. ಮೂರನೆಯ ವರ್ಷದಲ್ಲಿ ಬಂದಾಗ ನಾನು ಹೋಗಿ, ಆ ದಿನದ ಸುದ್ದಿಯನ್ನು ಕಳಿಸಿದವನು ನಾನೆಂದು ಹೇಳಿ ಕೈಮುಗಿದೆನು. ಅವಳಿಗೆ ನನ್ನ ಮಾತು ಪೂರ್ಣವಾಗಿ ಅರ್ಥವಾಯಿತೋ ಇಲ್ಲವೋ ಕಾಣೆನು. 'ಇರಲಿ ಬಿಡ್ರಿ ಯಪ್ಪಾ' ಎಂದು ಹೇಳಿ ಗಂಟನ್ನು ತಲೆಯ ಮೇಲೆ ಹೊತ್ತುಕೊಂಡು, ನೀರು ಕೊಟ್ಟ ಮುದುಕಿಯ ಮನೆಯ ಕಡೆಗೆ ನಡೆದಳು.

ನಮ್ಮ ನಾಲಗೆಯಿಂದಲೂ ಬೆರಳಿನಿಂದಲೂ ಹೊರಡುವ ಪ್ರತಿಯೊಂದು ನುಡಿಯೂ ಆರಾಧ್ಯನ ಮುಂದಿಡಲು ಯೋಗ್ಯವಾಗಿರಲಿ. ಊರಿಗೆ ಬರುವ ಅಪರಿಚಿತನು ನಮ್ಮ ನುಡಿಯ ದೆಸೆಯಿಂದ ಭಯಪಡದಿರಲಿ. ಶರಣರ ಕಾರುಣ್ಯವು ಸರ್ವರ ಮೇಲೆಯೂ ಇರಲಿ.

ಸರ್ವೇಷಾಂ ಮಂಗಳಮಸ್ತು. ಶಿವಾರ್ಪಣಮಸ್ತು.